ಕಾದಾಗ ಕುಗ್ಗುವುದು

ನನ್ನ ಕೆಲಸ ಇಷ್ಟೇ: ಕ್ವಾರ್ಟ್ಜ್ ಕೊಳವೆಯ ಬಾಯಿ ಮುಚ್ಚುವುದು.
ಹೈಡ್ರೋಜನ್ ಜ್ವಾಲೆ, ಕಪ್ಪು ಕನ್ನಡಕ, ಬೆರಳ ತುದಿಯ ಲೆಕ್ಕ.
ಮೂವತ್ತೊಂದು ಚಳಿಗಾಲ ಹೀಗೇ ಹೋಯಿತು
ಇಸೆತ್ ನದಿ ಹೆಪ್ಪುಗಟ್ಟುವ ಈ ಉರಾಲ್ ಊರಲ್ಲಿ.
ಲೇಖನಗಳಲ್ಲಿ ನನ್ನ ಹೆಸರಿಲ್ಲ. ಗಾಜಿನ ಮೇಲೂ ಇಲ್ಲ.
ಕೊಳವೆ ಒಡೆದಾಗ ಮಾತ್ರ ಕೂಗುತ್ತಾರೆ: ಜಿನ್ನೂರ್!

ಲಿಡಿಯಾ ಅರ್ಕಾದ್ಯೆವ್ನಾ ಬಿಲ್ಲೆ ತರುತ್ತಾಳೆ.
ಮ್ಯಾಂಗನೀಸ್ ನೈಟ್ರೈಡು, ತಾಮ್ರ, ಅಳೆದ ಜರ್ಮೇನಿಯಂ,
ಗಾಳಿ ಸೋಕದ ಪೆಟ್ಟಿಗೆಯಲ್ಲಿ ರಬ್ಬರ್ ಕೈ ತೂರಿಸಿ
ಅಗೇಟ್ ಕಲ್ಬತ್ತಿನಲ್ಲಿ ಅರೆದು ಒತ್ತಿದ್ದು.
ನೋಡಲು ಒಲೆಯ ಬೂದಿಗಿಂತ ಹೆಚ್ಚೇನಲ್ಲ.
ಗಾಳಿ ಹೀರಿ, ಮುಚ್ಚಿ, ಕುಲುಮೆಗಿಟ್ಟರೆ
ಎಂಟುನೂರು ಡಿಗ್ರಿ, ಮೂರು ಹಗಲು, ಮೂರು ರಾತ್ರಿ.
ಆಮೇಲೆ ಒಡೆ, ಅರೆ, ಮತ್ತೆ ಒತ್ತು, ಮತ್ತೆ ಮುಚ್ಚು.
ಒಂದೇ ಬೇಯಿಗೆ ಮಣಿಯುವ ಜಾತಿಯಲ್ಲ.

"ಏನಿದೆ ಇದರಲ್ಲಿ?" ಎಂದೆ ಒಮ್ಮೆ.
ಒಣಗಲಿಟ್ಟ ನನ್ನ ಉಣ್ಣೆಯ ಕೈಗವಸು ಎತ್ತಿ
ಒಳಗನ್ನು ಹೊರಗೆ ಮಾಡಿ ತೋರಿಸಿದಳು.
"ಈ ಬೆಟ್ಟಗಳಲ್ಲೇ ಸಿಕ್ಕ ಕಲ್ಲು ಪೆರೋವ್‌ಸ್ಕೈಟ್.
ಅಲ್ಲಿ ಲೋಹ ನಡುಮನೆಯಲ್ಲಿ, ಆರು ಆಮ್ಲಜನಕ ಕಾವಲು.
ಇದು ಅದರ ತಿರುವು. ನಡುವೆ ಒಂಟಿ ನೈಟ್ರೋಜನ್,
ಸುತ್ತ ಆರು ಮ್ಯಾಂಗನೀಸ್."
ಹೊಲಿಗೆ ಕಾಣುತ್ತಿತ್ತು, ಹೆಂಡತಿ ಹಾಕಿದ ಗಂಟುಗಳೂ.
ಆದರೂ ಕೈಗವಸೇ. ತೊಟ್ಟು ನೋಡಿದೆ.

ಸವೇಲಿಯದು ಕಾರ್ಬೈಡು: ನಿಕ್ಕಲ್, ಮೆಗ್ನೀಷಿಯಂ, ಮಸಿ.
ಮೆಗ್ನೀಷಿಯಂ ಕಾದರೆ ಹಾರಿಹೋಗುವ ಗಿರಾಕಿ,
ಅದಕ್ಕೇ ತಕ್ಕಡಿಗೆ ಒಂದಿಷ್ಟು ಲಂಚ ಸೇರಿಸುತ್ತಾನೆ.
ಅಷ್ಟು ನಿಕ್ಕಲ್ ಇದ್ದೂ ಅಯಸ್ಕಾಂತವಾಗದಂತೆ,
ದ್ರವ ಹೀಲಿಯಂನ ಚಳಿಗೆ ಇಳಿಸಿದರೆ
ವಿದ್ಯುತ್ತು ತಡೆಯೇ ಇಲ್ಲದೆ ಹರಿಯುವುದಂತೆ.
ತೈಸಿಯಾಳದ್ದು ಅಂಗೈಯಲ್ಲೇ ಕರಗುವ ಗ್ಯಾಲಿಯಂ.

ಮೂವರಿಗೂ ಮಾತಿಲ್ಲ. ಯಾವುದೋ ಲೇಖನದಲ್ಲಿ
ಯಾರ ಹೆಸರು ಮೊದಲು ಎಂಬುದಕ್ಕೆ ಎರಡು ವರ್ಷ.
ಚಹಾ ಕೋಣೆಯಲ್ಲಿ ಮೂರು ಕುರ್ಚಿ, ಮೂರು ದಿಕ್ಕು.

ಜನವರಿಯಲ್ಲಿ ಕಟ್ಟಡದ ಬಿಸಿನೀರ ಕೊಳವೆ ಒಡೆಯಿತು.
ಹೊರಗೆ ಮೈನಸ್ ಮೂವತ್ನಾಲ್ಕು. ಟ್ರಾಮ್ ಹಳಿ ಕುಗ್ಗಿ
ಕೀಲುಗಳಲ್ಲಿ ಸಂದು ಬಾಯಿಬಿಟ್ಟಿತ್ತು.
ಕುಲುಮೆ ಕೋಣೆಯೊಂದೇ ಬೆಚ್ಚಗೆ.
ಮೊದಲು ತೈಸಿಯಾ ಬಂದಳು, ಕೋಟು ಬಿಚ್ಚದೆ.
ಆಮೇಲೆ ಸವೇಲಿ, ಕಂಕುಳಲ್ಲಿ ಕಪ್ಪು ರೊಟ್ಟಿ.
ಲಿಡಿಯಾ ಅಲ್ಲೇ ಇದ್ದಳು, ಕಾವಿನ ಅಂಕಿ ಬರೆಯುತ್ತ.

ಏನು ನೋಡಲಿ? ಗೋಡೆಯ ಚಿತ್ರ ನೋಡಿದೆ.
ತ್ರಿಕೋನದ ಮೂಲೆಗೊಂದು ಮ್ಯಾಂಗನೀಸ್, ಒಂದೊಂದಕ್ಕೂ ಬಾಣ,
ಯಾವ ಎರಡೂ ಒಂದೇ ಕಡೆ ತಿರುಗಿಲ್ಲ.
ಆ ಶಿಸ್ತು ಇರುವಷ್ಟು ಹೊತ್ತು ದೂರ ದೂರ ನಿಲ್ಲುತ್ತವಂತೆ.
ಕಾವು ಏರಿತೋ, ಬಾಣಗಳು ದಿಕ್ಕು ಮರೆತು
ಇಡೀ ಮನೆಯೇ ಚಿಕ್ಕದಾಗುತ್ತದಂತೆ.
ಕಾದದ್ದು ಹಿಗ್ಗುತ್ತದೆ ಎಂದಷ್ಟೇ ಓದಿದವನು ನಾನು;
ಕುಗ್ಗುವುದೆಂದರೆ ಸೋಲು ಎಂದುಕೊಂಡಿದ್ದೆ.

ರೊಟ್ಟಿ ನಾಲ್ಕಾಯಿತು. ಯಾರೂ ಮಾತಾಡಲಿಲ್ಲ.
ಬೆಂಚು ಒಂದೇ, ಮೊಣಕೈಗೆ ಮೊಣಕೈ.
ಆಗ ಕುಲುಮೆಯೊಳಗೆ ಪಟ್ ಎಂದಿತು,
ನೈಟ್ರೋಜನ್ ಉಸಿರು ಕಟ್ಟಿ ಗಾಜು ಸೀಳಿತ್ತು.
ಮೂವರೂ ಒಂದೇ ಕೊರಳಲ್ಲಿ: ಜಿನ್ನೂರ್!
ಪಕ್ಕದಲ್ಲೇ ಕೂತಿದ್ದೆ, ಬಾಯ್ತುಂಬ ರೊಟ್ಟಿ.

ಒಂಬತ್ತು ದಿನಕ್ಕೆ ಕೊಳವೆ ರಿಪೇರಿ.
ಕುರ್ಚಿಗಳು ಮತ್ತೆ ತಮ್ಮ ತಮ್ಮ ದಿಕ್ಕಿಗೆ.
ಏಪ್ರಿಲ್‌ನಲ್ಲಿ ಲಿಡಿಯಾ ಗ್ರಾಫ್ ತಂದು ತೋರಿಸಿದಳು:
ಕಾಯುತ್ತ ಕಾಯುತ್ತ ಗೆರೆ ಕೆಳಗಿಳಿದಿದೆ.
"ತಣಿದಾಗ?" ಎಂದೆ.
ಮೇಲೇರಿದೆ, ಆದರೆ ಬಂದ ದಾರಿಯಲ್ಲೇ ಅಲ್ಲ,
ಒಂದು ಕೂದಲೆಳೆ ಆಚೆ.